ಸೂರ್ಯಶಕ್ತಿಯ ಉದ್ಯೋಗಕ್ಕೆ ಹೊಸಬರು

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರಗಳು 2019ರ ಕೊನೆಯ ಹೊತ್ತಿಗೆ ಪೂರ್ಣಗೊಂಡವು. ಬರದ ಸೀಮೆಯಲ್ಲಿ ಬಿಸಿಲೇ ಬೆಳೆಯಾದುದನ್ನು ಎಲ್ಲರೂ ಕೊಂಡಾಡಿದ್ದಾರೆ. ಅದರೊಡನೆ ಹುಟ್ಟಿದ ಇನ್ನೊಂದು ಸಂಗತಿಗೆ ಅಷ್ಟು ಗಮನ ದೊರೆತಂತಿಲ್ಲ. ಬಿ.ಎಸ್‌ಸಿ., ಡಿಪ್ಲೊಮಾ ಮುಗಿಸಿದ ತರುಣ ತರುಣಿಯರು ತಮ್ಮ ಮನೆಯಲ್ಲಿ ಯಾರೂ ಕೇಳಿ ಅರಿಯದ ಕಸುಬೊಂದಕ್ಕೆ ಕಾಲಿಡುತ್ತಿದ್ದಾರೆ. ಇದರ ಗಂಧವೂ ತಮಗಿಲ್ಲವಲ್ಲ ಎಂಬ ಅಳುಕು ಅವರನ್ನು ಬಾಗಿಲಲ್ಲೇ ತಡೆಯುವುದುಂಟು.

ಈ ಅಳುಕು ನಮ್ಮ ನಾಡಿಗೆ ಹೊಸತೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ದೂರ ವಿದ್ಯುಚ್ಛಕ್ತಿ ಹರಿಯಿತು. ಬೆಂಗಳೂರಿನ ಬೀದಿಗಳಿಗೇ ಇನ್ನೂ ವಿದ್ಯುದ್ದೀಪ ಬಾರದಿದ್ದ ಕಾಲ ಅದು. ಅಂದು ಆ ಕೆಲಸಕ್ಕೆ ಸೇರಿದ ನಮ್ಮವರಿಗೆ ಪೂರ್ವಾನುಭವವೆಂಬುದು ಎಲ್ಲಿಂದ ಬರಬೇಕಿತ್ತು?

ಇಂದಿನ ಹೊಸಬರ ಸ್ಥಿತಿ ಅದಕ್ಕಿಂತ ಮೇಲು. ಸೌರಕೋಶಕ್ಕೆ ಆಧಾರವಾದ ಪಿ-ಎನ್ ಸಂಧಿಯನ್ನೂ ಓಮನ ನಿಯಮವನ್ನೂ ಅವರು ಓದಿಯೇ ಬಂದಿರುತ್ತಾರೆ. ಇನ್ವರ್ಟರ್, ಸ್ಟ್ರಿಂಗ್ ಮೊದಲಾದ ಮಾತುಗಳು ಒಂದು ತಿಂಗಳಲ್ಲಿ ನಾಲಗೆಗೆ ಒಗ್ಗುತ್ತವೆ. ಕೊರತೆ ಇರುವುದು ಬೇರೊಂದೆಡೆ: ಓದಿದ ತತ್ತ್ವಕ್ಕೂ ಕೈಯಲ್ಲಿ ಹಿಡಿದ ವಸ್ತುವಿಗೂ ನಡುವೆ ನಿಲ್ಲುವ ಅಂಕಿಗಳ ಪರಿಚಯದಲ್ಲಿ.

ಒಂದು ನಿದರ್ಶನವನ್ನು ನೋಡೋಣ. ಬೇಸಗೆಯ ಕಾವು ಏರಿದಷ್ಟೂ ವಿದ್ಯುತ್ತು ಹೆಚ್ಚುತ್ತದೆಂದು ಅನೇಕರ ನಂಬಿಕೆ. ಫಲಕಕ್ಕೆ ಬೇಕಾದದ್ದು ಬೆಳಕೇ ಹೊರತು ಕಾವಲ್ಲ. ಅದರ ಬೆನ್ನಿಗಂಟಿಸಿದ ಚೀಟಿಯಲ್ಲಿ 330 ವಾಟ್ ಎಂದಿದ್ದರೆ, ಅದು ಚದರ ಮೀಟರಿಗೆ 1,000 ವಾಟಿನಷ್ಟು ಬೆಳಕು ಬಿದ್ದು, ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನ ಮಾತು. ಏಪ್ರಿಲಿನ ಮಧ್ಯಾಹ್ನ ಕೋಶದ ಉಷ್ಣತೆ 60 ಡಿಗ್ರಿಗೆ ಏರಿತೆನ್ನಿ. ಡಿಗ್ರಿಯೊಂದಕ್ಕೆ ನೂರಕ್ಕೆ 0.4ರಂತೆ ಇಳಿಯುವ ಫಲಕವಾದರೆ, ಬೆಳಕು ಅಷ್ಟೇ ಇದ್ದರೂ ನೂರಕ್ಕೆ 14 ಪಾಲು ನಷ್ಟವಾಗಿ, 330 ವಾಟಿನ ಫಲಕ 284 ವಾಟಿಗೆ ಇಳಿಯುತ್ತದೆ. ಮಾಗಿಯ ಚಳಿಯ ಬೆಳಗಿನಲ್ಲಿ ಇದೇ ಫಲಕದ ವೋಲ್ಟೇಜು ಚೀಟಿಯಲ್ಲಿ ಬರೆದುದಕ್ಕಿಂತಲೂ ಮೇಲೇರಬಹುದು. ಸ್ಥಾವರದ ಲೆಕ್ಕ ಹಾಕುವವರು ಅದನ್ನು ಮರೆತರೆ ಇನ್ವರ್ಟರಿಗೇ ಕೇಡು.

ಇದು ಹಣದ ನಷ್ಟದ ಮಾತಾಯಿತು. ಪ್ರಾಣದ ಮಾತೂ ಒಂದುಂಟು, ಈ ಲೇಖನವನ್ನು ಬರೆಯಲು ಕಾರಣವೂ ಅದೇ. ಒಂದು ಸಿಲಿಕಾನ್ ಕೋಶ ಕೊಡುವುದು ಸುಮಾರು 0.6 ವೋಲ್ಟು, ಮುಟ್ಟಿದರೆ ಅರಿವಿಗೇ ಬಾರದು. ಅಂಥ 72 ಕೋಶಗಳನ್ನು ಸಾಲಾಗಿ ಜೋಡಿಸಿದ ಫಲಕದಲ್ಲಿ 43 ವೋಲ್ಟು, 20 ಫಲಕಗಳ ಸಾಲಿನಲ್ಲಿ 860 ವೋಲ್ಟಿಗೂ ಹೆಚ್ಚು. ಸೂರ್ಯ ಮುಳುಗುವ ತನಕ ಇದನ್ನು ಆರಿಸುವ ಗುಂಡಿಯಿಲ್ಲ. ಸ್ವಿಚ್ಚನ್ನು ತೆಗೆದರೆ ಪ್ರವಾಹ ನಿಂತೀತು, ಫಲಕಗಳ ತುದಿಯಲ್ಲಿ ವೋಲ್ಟೇಜು ಹಾಗೆಯೇ ಕುಳಿತಿರುತ್ತದೆ. ಮೇಲಾಗಿ ಇದು ನೇರ ಪ್ರವಾಹ. ನಮ್ಮ ಮನೆಗಳ ಪರ್ಯಾಯ ಪ್ರವಾಹ ಸೆಕೆಂಡಿಗೆ 100 ಬಾರಿ ಸೊನ್ನೆಯನ್ನು ಹಾಯುವುದರಿಂದ ತಂತಿ ಕಳಚಿದಾಗ ಹುಟ್ಟಿದ ಕಿಡಿ ನಂದಲು ಅವಕಾಶವಿದೆ. ನೇರ ಪ್ರವಾಹಕ್ಕೆ ಆ ಸೊನ್ನೆಯೇ ಇಲ್ಲ. ಪ್ರವಾಹ ಹರಿಯುತ್ತಿರುವಾಗ ಜೋಡಣೆಯನ್ನು ಎಳೆದರೆ ಕಿಡಿ ನಂದದೆ ಉರಿಯುತ್ತದೆ; ಕೈಯನ್ನೂ ಸುಟ್ಟೀತು, ಛಾವಣಿಯನ್ನೂ ಸುಟ್ಟೀತು.

ಕೆಲಸ ಮಾಡುತ್ತ ತಾವಾಗಿ ಕಲಿಯಲಿ ಎನ್ನುವ ಗುತ್ತಿಗೆದಾರರಿದ್ದಾರೆ. ಕೊಡಲಿ ಹಿಡಿಯುವುದನ್ನು ಹಾಗೆ ಕಲಿಯಬಹುದೇನೋ. 860 ವೋಲ್ಟು ಎರಡನೆಯ ಪಾಠಕ್ಕೆ ಕಾಯುವುದಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಸೂರ್ಯಮಿತ್ರ ತರಬೇತಿ ಒಳ್ಳೆಯ ಹೆಜ್ಜೆಯೇ. ಆದರೂ ಪ್ರತಿಯೊಂದು ಸ್ಥಾವರದಲ್ಲಿ ಹೊಸಬರನ್ನು ಮೊದಲ ಕೆಲವು ವಾರ ಅನುಭವಸ್ಥರ ಜತೆಯಲ್ಲಿಯೇ ಇರಿಸತಕ್ಕದ್ದು, ಇದರಲ್ಲಿ ರಿಯಾಯಿತಿ ಕೂಡದು ಎಂಬುದು ನಮ್ಮ ಅಭಿಪ್ರಾಯ. ಕೆಲಸಕ್ಕೆ ಸೇರುವವರೂ ಸಂಕೋಚವನ್ನು ಬಿಟ್ಟು, ಯಾವ ಸ್ವಿಚ್ಚನ್ನು ಮೊದಲು ತೆಗೆಯಬೇಕು, ಕೈಗವಸು ಎಷ್ಟು ವೋಲ್ಟಿಗೆ ತಕ್ಕದ್ದು ಎಂದು ಮೊದಲ ದಿನವೇ ಕೇಳಬೇಕು. ಕೇಳಿದ್ದಕ್ಕೆ ನಗುವ ಮೇಲಧಿಕಾರಿ ಸಿಕ್ಕರೆ, ಬೇರೆ ಕಡೆ ಕೆಲಸ ನೋಡಿಕೊಳ್ಳುವುದು ಲೇಸು.

ಕಾಲೇಜುಗಳ ಪಾಲೂ ಇದರಲ್ಲಿದೆ. ಪ್ರಯೋಗಶಾಲೆಗೆ 20 ವೋಲ್ಟಿನ ಚಿಕ್ಕದೊಂದು ಫಲಕವನ್ನು ತರಿಸುವುದು ಭಾರಿ ಖರ್ಚಿನ ಮಾತಲ್ಲ. ಅದನ್ನು ನಡುಹಗಲಲ್ಲಿ ಅಂಗಳದಲ್ಲಿಟ್ಟು ವೋಲ್ಟ್‌ಮಾಪಕಕ್ಕೆ ಜೋಡಿಸಲಿ. ಅದು ಚೆನ್ನಾಗಿ ಕಾಯ್ದ ಮೇಲೆ ಬೆನ್ನಿಗೆ ಒದ್ದೆ ಬಟ್ಟೆಯನ್ನು ಒತ್ತಿ ಹಿಡಿಯಲಿ. ಬಿಸಿಲು ಬದಲಾಗದೆಯೇ ಮುಳ್ಳು ಮೆಲ್ಲನೆ ಮೇಲೇರುವುದನ್ನು ವಿದ್ಯಾರ್ಥಿಗಳು ತಾವೇ ಕಾಣಬಹುದು.