ಕಿವಿಯ ಮಡಿ

ಸಂಗೀತದ ವಿಷಯದಲ್ಲಿ ನಾನು ಬಹುಕಾಲ ಮಡಿವಂತನಾಗಿದ್ದೆನೆಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. ವಚನ, ದಾಸರ ಪದ, ಅವಕ್ಕೆ ಆಸರೆಯಾಗಿ ಒಂದಿಷ್ಟು ಹಿಂದೂಸ್ತಾನಿ. ಇದರಾಚೆಗಿರುವುದೆಲ್ಲ ಬರಿಯ ಸದ್ದೆಂದು ನಂಬಿದ್ದೆ. ಅದಕ್ಕೆ ಸೀಮೆಯ ಅಭಿಮಾನವೂ ಬೆರೆತಿತ್ತು. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ನಮ್ಮ ರಾಯಚೂರು ಸೀಮೆಯವರು. ವಚನಗಳನ್ನು ಖ್ಯಾಲಿನ ಗಾಂಭೀರ್ಯದಿಂದ ಹಾಡಿದ ಸಿದ್ಧರಾಮ ಜಂಬಲದಿನ್ನಿಯವರೂ ಇಲ್ಲಿಯವರೇ. ಇಷ್ಟು ಸಂಪತ್ತು ಮನೆಯಲ್ಲಿರುವಾಗ ಬೀದಿಯ ಹಾಡಿಗೇಕೆ ಕಿವಿಗೊಡಬೇಕು?

ಈ ಭಾವನೆ ನನ್ನೊಳಗೇ ಉಳಿದಿದ್ದರೆ ಹಾನಿಯಿರಲಿಲ್ಲ. ಆದರೆ ಅಧ್ಯಾಪಕನ ಅಭಿರುಚಿಗೆ ಅಧಿಕಾರವೂ ಉಂಟು. ಕೆಲವು ವರ್ಷಗಳ ಹಿಂದೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹಾಡುವವರನ್ನು ಆರಿಸುವ ಭಾರ ನನ್ನ ಮೇಲೆ ಬಿದ್ದಿತು. ಲಿಂಗಸುಗೂರು ಕಡೆಯ ಒಕ್ಕಲುತನದ ಮನೆಯ ಹುಡುಗನೊಬ್ಬ ರಿವಾಯತ್ ಪದ ಹಾಡುತ್ತೇನೆಂದ. “ಅದು ಅಲಾಯಿ ಕುಣಿಯ ಮುಂದೆ ಹಾಡುವಂಥದಪ್ಪಾ, ಇಲ್ಲಿಗಲ್ಲ” ಎಂದು ಅವನ ಹೆಸರನ್ನು ಹೊಡೆದುಹಾಕಿದೆ. ಹುಡುಗ ವಾದಿಸಲಿಲ್ಲ. “ಆಗಲ್ರಿ ಸರ್. ನಮ್ಮಪ್ಪ ಕಲಿಸಿದ್ದು ಇದೊಂದ ರೀ” ಎಂದಷ್ಟೇ ಹೇಳಿ ಹೊರಟುಹೋದ.

ಆ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ಮೊಹರಮ್ಮಿಗೆ ಮುದಗಲ್ಲಿಗೆ ಹೋದೆ. ಎರಡು ಮೇಳಗಳು ಎದುರುಬದುರಾಗಿ ನಿಂತಿದ್ದವು; ಒಂದು ಮೇಳ ಪದದಲ್ಲಿಯೇ ಸವಾಲು ಹಾಕಿದರೆ ಇನ್ನೊಂದು ಪದದಲ್ಲಿಯೇ ಜವಾಬು ಕೊಡಬೇಕು. ಹಾಡುವವರಲ್ಲಿ ಮುಸಲ್ಮಾನರಾರು, ಇತರರಾರು ಎಂದು ಬೇರ್ಪಡಿಸುವುದು ನನ್ನಿಂದಾಗಲಿಲ್ಲ. ಕ್ರಿ. ಶ. 680ರಲ್ಲಿ ಕರ್ಬಲಾದಲ್ಲಿ ನೀರಿಲ್ಲದೆ ಬಳಲಿ ಮಡಿದವರ ಕಥೆ, ಮಳೆ ಕೈಕೊಟ್ಟ ಎರೆಹೊಲದ ರೈತನ ಮಾತಿನಲ್ಲಿ ಹೊರಹೊಮ್ಮುತ್ತಿತ್ತು. ಯೂಫ್ರಟೀಸ್ ತೀರದ ಬಾಯಾರಿಕೆಯನ್ನು ನಮ್ಮ ಜನ ಎಂದೋ ತಮ್ಮದಾಗಿ ಮಾಡಿಕೊಂಡಿದ್ದರು. ತರಗತಿಯಲ್ಲಿ ವರ್ಷವರ್ಷವೂ ಛಂದಸ್ಸನ್ನು ಬೋಧಿಸುವ ನಾನು, ನಿಂತ ನಿಲುವಿನಲ್ಲಿ ಪ್ರಾಸ ಹಿಡಿಯುವ ಅವರ ಚಾತುರ್ಯವನ್ನು ಕಂಡು ತಲೆತಗ್ಗಿಸಿದೆ.

ಹಾಗೆ ನೋಡಿದರೆ ಈ ಸೀಮೆಗೆ ಕಿವಿಯ ಮಡಿ ಎಂದೂ ಒಗ್ಗಿದ್ದಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನ ಪ್ರಾಕೃತದ್ದು. ಸಿಂಧನೂರಿಗೆ ತುಂಗಭದ್ರೆಯ ಕಾಲುವೆಯೊಡನೆ ಆಂಧ್ರದ ರೈತರು ಬಂದರು. ಅನಂತರ ಪೂರ್ವ ಬಂಗಾಳದ ನಿರಾಶ್ರಿತರು ಬಂದರು. ಕ್ಯಾಂಪಿನಿಂದ ಕ್ಯಾಂಪಿಗೆ ನಡೆದರೆ ಭಾಷೆಯೇ ಬದಲಾಗುತ್ತದೆ. ಶಾಸ್ತ್ರೀಯ ಸಂಗೀತದ ದೊಡ್ಡವರಾದರೂ ನನ್ನಂತೆ ಬೇಲಿ ಹಾಕಿಕೊಂಡವರಲ್ಲ. ಗದುಗಿನ ಪಂಚಾಕ್ಷರಿ ಗವಾಯಿಗಳು ಹಿಂದೂಸ್ತಾನಿ, ಕರ್ನಾಟಕಿ ಎರಡನ್ನೂ ಸಾಧಿಸಿ ಉಭಯಗಾನ ವಿಶಾರದರೆನಿಸಿದರು. ಮಲ್ಲಿಕಾರ್ಜುನ ಮನ್ಸೂರರು ಬೆಳೆದದ್ದು ನಾಟಕ ಕಂಪನಿಯ ರಂಗದ ಮೇಲೆ.

ಎಲ್ಲವನ್ನೂ ಮೆಚ್ಚಬೇಕೆಂದು ನಾನು ಹೇಳುತ್ತಿಲ್ಲ. ಮೆರವಣಿಗೆಯ ಡಿ.ಜೆ. ಸದ್ದಿಗೆ ನಮ್ಮ ಮನೆಯ ಕಿಟಕಿಗಳು ನಡುಗಿದಾಗ ನಾನು ಇಂದಿಗೂ ಬೈದುಕೊಳ್ಳುತ್ತೇನೆ, ಅದಕ್ಕೆ ಪಶ್ಚಾತ್ತಾಪವಿಲ್ಲ. ಮನೆಯಲ್ಲಿ ಕುಳಿತು ಒಲ್ಲೆನೆನ್ನುವ ಸ್ವಾತಂತ್ರ್ಯ ಯಾರಿಗೂ ಉಂಟು. ಆದರೆ ವೇದಿಕೆಯ ಬಾಗಿಲಲ್ಲಿ ನಿಂತವನು ಕೇಳದೆ ಒಲ್ಲೆನೆನ್ನಬಾರದು. ನಾನು ಆ ಹುಡುಗನ ಹಾಡನ್ನು ಕೇಳಿಯೇ ಇರಲಿಲ್ಲ. ನಮ್ಮ ಕಾಲೇಜುಗಳ ಗಾಯನ ಸ್ಪರ್ಧೆಗಳಲ್ಲಿ ಭಾವಗೀತೆಗೆ ಇರುವ ಸ್ಥಾನ ರಿವಾಯತ್ ಪದಕ್ಕೂ ತತ್ವಪದಕ್ಕೂ ದೊರೆಯಬೇಕು. ತೀರ್ಪುಗಾರರಲ್ಲಿ ಒಬ್ಬರಾದರೂ ಅವುಗಳನ್ನು ಬಲ್ಲ ಹಳ್ಳಿಯ ಹಿರಿಯರಿರಬೇಕು.

ಈ ವರ್ಷವೂ ಆಯ್ಕೆಯ ಪಟ್ಟಿ ನನ್ನ ಮೇಜಿನ ಮೇಲಿದೆ. ಆ ಹುಡುಗ ಓದು ಮುಗಿಸಿ ಹಟ್ಟಿಯ ಕಡೆ ಕೆಲಸದಲ್ಲಿದ್ದಾನಂತೆ. ತಂದೆಯನ್ನು ಕರೆದುಕೊಂಡು ಬಂದು ಹಾಡಬೇಕೆಂದು ಅವನ ಗೆಳೆಯನ ಮೂಲಕ ಹೇಳಿಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.