ಎಂಜಿನ್ನಿನ ಉಸಿರು

ಕನ್ನಡ ಪಾಠ ಹೇಳುವ ನಮಗೆ ಎಂಜಿನ್ನಿನ ಗೊಡವೆ ಏಕೆಂದು ಕೆಲವರಾದರೂ ಕೇಳಿಯಾರು. ಕಾರಣವಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಐ.ಟಿ.ಐ.ಗೋ ಗ್ಯಾರೇಜಿಗೋ ಹೋಗುತ್ತಾರೆ. ಆ ವಿದ್ಯೆಯನ್ನು ಕನ್ನಡದಲ್ಲಿ ಯೋಚಿಸಲಾಗದೆಂದು ನಂಬಿಯೇ ಹೋಗುತ್ತಾರೆ. ಇದು ತಪ್ಪು ತಿಳಿವಳಿಕೆ ಎಂಬುದು ನಮ್ಮ ಅಭಿಪ್ರಾಯ. ಅವರು ಆಗಾಗ ವಾದಿಸುವ ವಿಷಯವೊಂದನ್ನೇ ಎತ್ತಿಕೊಳ್ಳೋಣ: ಟರ್ಬೊ ಇರುವ, ಅತಿ ವೇಗವಾಗಿ ತಿರುಗುವ ಎಂಜಿನ್ನಿಗೆ ಎಂಥ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕು?

ಮ್ಯಾನಿಫೋಲ್ಡ್ ಎಂದರೆ ಒಂದು ಗಾಳಿಪೆಟ್ಟಿಗೆ ಮತ್ತು ಅದರಿಂದ ಒಂದೊಂದು ಸಿಲಿಂಡರಿಗೂ ಹೋಗುವ ಕೊಳವೆಗಳು. ಟರ್ಬೊ ಎಂಬುದು ಹೊರಹೋಗುವ ಹೊಗೆಯ ರಭಸದಿಂದ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಯಂತ್ರ; ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಒತ್ತಿ ತುಂಬಲು ಟರ್ಬೊ ಇರುವಾಗ ಕೊಳವೆ ಹೇಗಿದ್ದರೇನು ಎಂದು ಹುಡುಗರ ವಾದ. ನಾವು ಒಪ್ಪುವುದಿಲ್ಲ.

ನಿಮಿಷಕ್ಕೆ 8000 ಸುತ್ತು ತಿರುಗುವಾಗ ಒಂದು ಸುತ್ತಿಗೆ ದೊರೆಯುವ ಕಾಲ ಸೆಕೆಂಡಿನ ಸಾವಿರ ಭಾಗಗಳಲ್ಲಿ ಏಳೂವರೆ. ಗಾಳಿಯ ವಾಲ್ವು ತೆರೆದಿರುವುದು ಸುಮಾರು ಐದೇ ಭಾಗ. ಪಿಸ್ಟನ್ ಹೀರಿದೊಡನೆ ಕೊಳವೆಯಲ್ಲಿ ಒಂದು ಅಲೆ ಎದ್ದು, ಪೆಟ್ಟಿಗೆಯವರೆಗೆ ಹೋಗಿ ಮರಳುತ್ತದೆ. ವಾಲ್ವು ಮುಚ್ಚುವ ಮುನ್ನ ಅದು ತಲುಪಿದರೆ ಇನ್ನಷ್ಟು ಗಾಳಿ ಒಳಸೇರುತ್ತದೆ. ಸುತ್ತು ಹೆಚ್ಚಿದಷ್ಟೂ ಸಮಯ ಕಡಿಮೆ. ಆದುದರಿಂದ ಕೊಳವೆ ಗಿಡ್ಡವಿರಬೇಕು. ಅಲೆಯ ವೇಗವೋ ಶಬ್ದದ ವೇಗವೇ. ಅದು ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆ, ಒತ್ತಡವನ್ನಲ್ಲ. ಟರ್ಬೊ ಒತ್ತಡವನ್ನು ಇಮ್ಮಡಿ ಮಾಡಿದರೂ ಈ ಲೆಕ್ಕ ಅಳಿಯದು.

ಹಾಗೆಂದು ಗಿಡ್ಡ, ಅಗಲ ಕೊಳವೆ ಎಲ್ಲದಕ್ಕೂ ಸಲ್ಲದು. 1988ರಲ್ಲಿ ಫಾರ್ಮುಲಾ ಒನ್‌ನ 16 ಪಂದ್ಯಗಳಲ್ಲಿ 15ನ್ನು ಗೆದ್ದ ಮೆಕ್‌ಲಾರೆನ್ ಕಾರಿನ ಹೋಂಡಾ ಟರ್ಬೊ ಎಂಜಿನ್ ಬರೇ ಒಂದೂವರೆ ಲೀಟರಿನದು. ನಿಮಿಷಕ್ಕೆ 12,000 ಸುತ್ತಿಗೂ ಮಿಕ್ಕಿ ತಿರುಗುತ್ತಿತ್ತು. ನಾವು ಪೇಟೆಯಲ್ಲಿ ಕಾಣುವ ಟರ್ಬೊ ಕಾರುಗಳಾದರೋ ಕಡಿಮೆ ಸುತ್ತಿನಲ್ಲೇ ಎಳೆಯಲೆಂದು ಮಾಡಿದವು. ಘಾಟಿ ಏರುವ ಅಂಥ ಕಾರಿಗೆ ರೇಸಿನ ಮ್ಯಾನಿಫೋಲ್ಡ್ ಜೋಡಿಸಿದರೆ ಎಳೆತವೇ ಕುಂದೀತು. ಪೆಟ್ಟಿಗೆ ತೀರ ದೊಡ್ಡದಾದರೆ ಅದು ತುಂಬುವ ತನಕ ಕಾಯಬೇಕು.

ಇದಕ್ಕೂ ದೊಡ್ಡ ಪ್ರಶ್ನೆ ಹಂಚಿಕೆಯದು. ಅಡಿಕೆ ತೋಟದ ಕಣಿಯಲ್ಲಿ ನೀರು ಬಿಟ್ಟವರಿಗೆ ಗೊತ್ತು, ಎಲ್ಲ ಬುಡಗಳಿಗೂ ಅದು ಒಂದೇ ಸಮನೆ ಸೇರುವುದಿಲ್ಲ. ಗಾಳಿಯೂ ಹಾಗೆಯೇ. ಪೆಟ್ಟಿಗೆಯ ಒಂದು ತುದಿಯಿಂದ ನುಗ್ಗಿದ ಗಾಳಿ ಕೆಲವು ಸಿಲಿಂಡರುಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ಹೋಗುತ್ತದೆ. ಪೆಟ್ರೋಲು ಮಾತ್ರ ಎಲ್ಲಕ್ಕೂ ಒಂದೇ ಅಳತೆ. ಗಾಳಿ ಹೆಚ್ಚಾದಲ್ಲಿ ಪೆಟ್ರೋಲು ಸಾಲದೆ, ಬಿಸಿಯೇರಿ, ಮಿಶ್ರಣ ತಾನಾಗಿಯೇ ಸಿಡಿದು ಪಿಸ್ಟನ್ನಿಗೆ ತೂತು ಬೀಳಬಹುದು. ಪೆಟ್ಟಿಗೆಯನ್ನು ಕೊನೆಯತ್ತ ಕಿರಿದಾಗಿಸುತ್ತ ಹೋಗುವುದು ಈ ಕಾರಣಕ್ಕೆ, ಅಂದಕ್ಕಲ್ಲ.

ಮೊಬೈಲಿನಲ್ಲಿ ಚಿತ್ರ ನೋಡಿ ಥಳಥಳಿಸುವ ಅಲ್ಯುಮಿನಿಯಂ ಮ್ಯಾನಿಫೋಲ್ಡಿಗೆ ಹಣ ಬೇಡುವ ಮಗನನ್ನು ತಂದೆತಾಯಿಗಳು ಎರಡು ಮಾತು ಕೇಳಲಿ. ಈ ಎಂಜಿನ್ ಹೆಚ್ಚು ಹೊತ್ತು ಎಷ್ಟು ಸುತ್ತಿನಲ್ಲಿ ತಿರುಗುತ್ತದೆ? ಎಲ್ಲ ಸಿಲಿಂಡರಿಗೂ ಗಾಳಿ ಸಮನಾಗಿ ಸೇರುವುದನ್ನು ಯಾರಾದರೂ ಅಳೆದಿದ್ದಾರೆಯೇ? ಅವನು ಕನ್ನಡದಲ್ಲೇ ಉತ್ತರ ಹೇಳಲಿ.