ದೂರದ ಉದ್ಯೋಗವೂ ದಾರಿಯ ವೆಚ್ಚವೂ

ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿ ಫೆಬ್ರುವರಿ 28ರಂದು ಮುಚ್ಚಲ್ಪಟ್ಟುವು. ಒಂದು ಶತಮಾನಕ್ಕೂ ಮಿಕ್ಕಿ, ಮೂರು ಕಿಲೋಮೀಟರಿಗಿಂತ ಹೆಚ್ಚಿನ ಆಳಕ್ಕೆ ಇಳಿದು ದುಡಿದವರ ಮಕ್ಕಳೂ ಮೊಮ್ಮಕ್ಕಳೂ ಇಂದು ಅನ್ನಕ್ಕಾಗಿ ಇಳಿಯುವುದು ಗಣಿಗಲ್ಲ, ಬೆಂಗಳೂರಿನ ರೈಲು ನಿಲ್ದಾಣಗಳಿಗೆ. ನಸುಕಿನಲ್ಲಿ ಮಾರಿಕುಪ್ಪಂ, ಊರಿಗಾಂ ಮೊದಲಾದ ನಿಲ್ದಾಣಗಳಲ್ಲಿ ಗಾಡಿಯನ್ನೇರಿ, ಸುಮಾರು ನೂರು ಕಿಲೋಮೀಟರು ಪ್ರಯಾಣಮಾಡಿ, ರಾತ್ರಿ ಮನೆ ಸೇರುವ ಈ ಸಾವಿರಾರು ಮಂದಿಯ ವಿಷಯದಲ್ಲಿ ಮರುಕದ ಮಾತುಗಳನ್ನು ಎಲ್ಲ ಪಕ್ಷದವರೂ ಆಡಿರುತ್ತಾರೆ. ಮರುಕದಿಂದ ಗಾಡಿಯು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಈ ಜನರ ಜಮಾಖರ್ಚಿನ ಲೆಕ್ಕವನ್ನೇ ನಾವು ಇಲ್ಲಿ ನೋಡತಕ್ಕದ್ದಾಗಿದೆ.

ಆ ಊರಿನ ಒಬ್ಬ ತರುಣನಿಗೆ ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 18,000 ರೂಪಾಯಿಗಳ ಕೆಲಸ ಹೊಸದಾಗಿ ದೊರೆಯಿತೆಂದು ಭಾವಿಸೋಣ. ಮೋಟಾರು ಸೈಕಲ್ಲಿನ ಮೇಲೆ ಹೋಗಿಬರುವುದಾದರೆ ದಾರಿಯು ದಿನಕ್ಕೆ 200 ಕಿಲೋಮೀಟರಿಗೆ ಕಡಮೆಯಿಲ್ಲ. ಲೀಟರಿಗೆ 50 ಕಿಲೋಮೀಟರಿನಂತೆ ನಾಲ್ಕು ಲೀಟರು ಪೆಟ್ರೋಲು; ಲೀಟರಿಗೆ ನೂರೇ ರೂಪಾಯಿ ಎಂದು ಹಿಡಿದರೂ ದಿನಕ್ಕೆ 400, ಇಪ್ಪತ್ತೈದು ದಿನಗಳಿಗೆ 10,000 ರೂಪಾಯಿ. ಸಾಲದ ಕಂತು, ಟಯರು, ರಿಪೇರಿಗಳು ಬೇರೆ. ಸಂಬಳದ ಅರ್ಧಕ್ಕೂ ಹೆಚ್ಚು ಭಾಗ ರಸ್ತೆಯ ಮೇಲೆ ಸುಟ್ಟುಹೋಯಿತು. ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯು ಹೊಸಕೋಟೆಯಿಂದ ಆರಂಭವಾಗಿ ಇವನ ಊರಿನ ಸಮೀಪದಲ್ಲಿಯೇ ಹಾದುಹೋಗುತ್ತದೆಯಾದರೂ ಅದರಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅಪಾಯವನ್ನು ತಪ್ಪಿಸುವುದಕ್ಕಾಗಿ ಮಾಡಿದ ಆ ನಿರ್ಬಂಧವನ್ನು ನಾವು ಆಕ್ಷೇಪಿಸುವುದಿಲ್ಲ. ಬಡವನ ವಾಹನಕ್ಕೆ ಆ ರಸ್ತೆಯಿಂದ ಪ್ರಯೋಜನವಿಲ್ಲವೆಂಬುದನ್ನು ಮಾತ್ರ ಹೇಳುತ್ತೇವೆ.

ಆದಕಾರಣ ಅವನಿಗೆ ರೈಲೇ ಗತಿ. ಈ ಒಂದು ವಿಷಯದಲ್ಲಿ ರೈಲ್ವೆಯವರನ್ನು ಪ್ರಶಂಸಿಸುವುದು ನ್ಯಾಯ. 150 ಕಿಲೋಮೀಟರುಗಳವರೆಗೆ ದೊರೆಯುವ ತಿಂಗಳ ಸೀಸನ್ ಟಿಕೆಟ್ಟಿನಷ್ಟು ಅಗ್ಗವಾದ ಪ್ರಯಾಣ ದೇಶದಲ್ಲಿ ಬೇರೊಂದಿಲ್ಲ. 2025ನೆಯ ಜುಲೈ 1ರಂದು ರೈಲು ದರಗಳನ್ನು ಏರಿಸಿದಾಗಲೂ ಅದನ್ನು ಮುಟ್ಟಲಿಲ್ಲ. ಆದರೆ ಚೀಟಿಯು ಅಗ್ಗವಾದ ಮಾತ್ರಕ್ಕೆ ಪ್ರಯಾಣವು ಅಗ್ಗವಾಯಿತೆಂದು ತಿಳಿಯಬಾರದು. ಬಂಗಾರಪೇಟೆಯಿಂದ ಬೆಂಗಳೂರಿಗೆ ಬರುವ ಹಳಿಯ ಮೇಲೆಯೇ ಚೆನ್ನೈಯ ಮೇಲ್ ಗಾಡಿಗಳೂ, ಶತಾಬ್ದಿಯೂ, 2022ರ ನವೆಂಬರಿನಿಂದ ವಂದೇ ಭಾರತವೂ ಓಡುತ್ತವೆ. ದೊಡ್ಡವರ ಗಾಡಿಗೆ ದಾರಿಬಿಟ್ಟು ಪ್ಯಾಸೆಂಜರ್ ಗಾಡಿಯು ಪಕ್ಕಕ್ಕೆ ನಿಲ್ಲುವುದು ರೈಲಿನಷ್ಟೇ ಹಳೆಯ ಪದ್ಧತಿ. ಅರ್ಧಗಂಟೆ ತಡವಾದರೆ ಕಾರ್ಖಾನೆಯ ಗೇಟಿನಲ್ಲಿ ಅರ್ಧ ದಿನದ ಕೂಲಿ ಖೋತ; ಹೊಸಬನಿಗೆ ಹೀಗೆ ಮೂರು ಬಾರಿಯಾದರೆ ಕೆಲಸಕ್ಕೇ ಸಂಚಕಾರ. ಹಳೆಯ ನೌಕರನ ವಿಳಂಬವನ್ನು ಮೇಸ್ತ್ರಿಯು ಸಹಿಸಿಯಾನು. ಪರೀಕ್ಷೆಯ ಅವಧಿಯಲ್ಲಿರುವವನನ್ನು ಯಾರು ಸಹಿಸುವರು? ಗಾಡಿಯು ತಪ್ಪಿದ ದಿನ ಬಸ್ಸಿಗೆ ತೆರುವ ಹಣವೂ, ಖೋತವಾದ ಕೂಲಿಯೂ ಆ ಅಗ್ಗದ ಚೀಟಿಯ ನಿಜವಾದ ಬೆಲೆಗೆ ಸೇರತಕ್ಕವು. 2020ರ ಮಾರ್ಚಿನಲ್ಲಿ ಗಾಡಿಗಳೇ ನಿಂತುಹೋದಾಗ ಈ ಊರಿನವರ ಉದ್ಯೋಗವು ಎಷ್ಟು ಸಣ್ಣ ಎಳೆಯ ಮೇಲೆ ತೂಗುತ್ತಿದೆ ಎಂಬುದು ಎಲ್ಲರಿಗೂ ಗೋಚರವಾಯಿತು.

ಇನ್ನು ನಗರದೊಳಗಿನ ಮಾತು. ರೈಲಿನಿಂದಿಳಿದ ಈ ತರುಣನು ಪೀಣ್ಯಕ್ಕೆ ಮೆಟ್ರೋವನ್ನು ಹಿಡಿಯಬೇಕು, ಇಲ್ಲವೆ ಬಸ್ಸನ್ನು ಹತ್ತಬೇಕು. 2025ನೆಯ ಫೆಬ್ರುವರಿ 9ರಂದು ಮೆಟ್ರೋದ ಗರಿಷ್ಠ ದರವನ್ನು 60 ರೂಪಾಯಿಗಳಿಂದ 90ಕ್ಕೆ ಏರಿಸಲಾಯಿತು. ಜನರ ಕೂಗಿನ ಮೇಲೆ ಕೆಲವು ದರಗಳನ್ನು ಇಳಿಸಿದರೂ ಗರಿಷ್ಠವು ಹಾಗೆಯೇ ಉಳಿಯಿತು. ಆ ದರಪಟ್ಟಿಯಂತೆ 10ರಿಂದ 15 ಕಿಲೋಮೀಟರಿನ ಪ್ರಯಾಣಕ್ಕೆ 60 ರೂಪಾಯಿ. ಹೋಗಿಬರಲು ದಿನಕ್ಕೆ 120, ತಿಂಗಳಿಗೆ 3,000. ನೂರು ಕಿಲೋಮೀಟರಿನ ರೈಲಿನ ತಿಂಗಳ ಚೀಟಿಗಿಂತ ಹತ್ತಾರು ಕಿಲೋಮೀಟರಿನ ಈ ತುದಿಯ ದಾರಿಗೇ ಹಲವು ಪಟ್ಟು ಹೆಚ್ಚು ಖರ್ಚು! ಬಸ್ಸಿನ ಸಾಮಾನ್ಯ ತಿಂಗಳ ಪಾಸು 2025ರ ಜನವರಿಯಲ್ಲಿ 1,050ರಿಂದ 1,200 ರೂಪಾಯಿಗೆ ಏರಿದೆಯಾದರೂ ಮೆಟ್ರೋಗಿಂತ ಅಗ್ಗವೇ. ಆದರೆ ನಗರದ ವಾಹನಸಂದಣಿಯಲ್ಲಿ ಸಿಕ್ಕ ಬಸ್ಸನ್ನು ನಂಬಿ ಹೊತ್ತಿಗೆ ಕೆಲಸ ಮುಟ್ಟುವುದು ದೈವಾಧೀನ. ಮೂರಕ್ಕೂ ಒಂದೇ ತಿಂಗಳ ಚೀಟಿ ಎಂಬುದಂತೂ ಇಲ್ಲವೇ ಇಲ್ಲ. ಸೀಸನ್ ಟಿಕೆಟ್ಟು ಮೆಟ್ರೋದಲ್ಲಿ ನಡೆಯದು, ಬಸ್ಸಿನ ಪಾಸು ರೈಲಿನಲ್ಲಿ ನಡೆಯದು. ಮೂರು ಸಂಸ್ಥೆಗಳವರು ಮೂರು ಅಂಗಡಿಗಳನ್ನಿಟ್ಟುಕೊಂಡು ಒಬ್ಬನೇ ಬಡವನ ಕಿಸೆಯನ್ನು ಹಂಚಿಕೊಳ್ಳುತ್ತಿದ್ದಾರೆ.

ಸ್ತ್ರೀಯರಿಗೆ 2023ನೆಯ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಗಿದೆ. ಇದರ ವೆಚ್ಚದ ವಿಷಯದಲ್ಲಿ ಏನೇ ವಾದವಿರಲಿ, ದಾರಿಯ ಖರ್ಚು ತಗ್ಗಿದರೆ ಹೆಣ್ಣುಮಕ್ಕಳು ದೂರದ ಕೆಲಸಕ್ಕೆ ಹೊರಡಬಲ್ಲರೆಂಬ ತತ್ತ್ವವನ್ನು ಸರಕಾರವೇ ಒಪ್ಪಿಕೊಂಡಂತಾಯಿತು. ಅದೇ ತತ್ತ್ವವು ರೈಲಿನ ಬಾಗಿಲಿಗೆ ಬಂದಾಗ ಏಕೆ ನಿಲ್ಲಬೇಕೆಂದು ಕೇಳುವುದು ತಪ್ಪಾಗಲಾರದು.

ಎಲ್ಲಕ್ಕಿಂತ ಕಠಿನವಾದದ್ದು ಮೊದಲನೆಯ ತಿಂಗಳು. ಇದರ ವಿಚಾರವನ್ನು ಯಾವ ದರಸಮಿತಿಯೂ ಮಾಡಿದಂತೆ ಕಾಣುವುದಿಲ್ಲ. ಚೀಟಿಯ ಹಣವನ್ನು ತಿಂಗಳ ಮೊದಲೇ ಕೊಡಬೇಕು; ಸಂಬಳವು ತಿಂಗಳು ಮುಗಿದ ಮೇಲೆ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರವೂ ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೊಟ್ಟರೆ ಸಾಕು. ಅಂದರೆ ಕೈಯಲ್ಲಿ ಕಾಸಿಲ್ಲದೆಯೇ ಕೆಲಸ ಹುಡುಕಿ ಬಂದವನು ಸುಮಾರು ಮೂವತ್ತೇಳು ದಿನಗಳ ಪ್ರಯಾಣದ ವೆಚ್ಚವನ್ನು ಕೈಯಿಂದಲೇ ಹಾಕಬೇಕು. ಇಲ್ಲದವನು ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ. ಮೊದಲ ಸಂಬಳವು ಬಡ್ಡಿಗೆ, ಎರಡನೆಯದು ಅಸಲಿಗೆ. ಮೂರನೆಯದು ಬರುವಷ್ಟರಲ್ಲಿ ಕೆಲಸವನ್ನೇ ಬಿಟ್ಟು ಊರಿನಲ್ಲಿ ಕುಳಿತರೆ, ಈ ಕಾಲದ ತರುಣರಿಗೆ ದುಡಿಯುವ ಮನಸ್ಸಿಲ್ಲವೆಂದು ಹಳಿಯುವವರಿಗೇನೂ ಕೊರತೆಯಿಲ್ಲ.

ಇದಕ್ಕೆ ಪರಿಹಾರವು ಅಸಾಧ್ಯವೇನೂ ಅಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು 1883ರಲ್ಲಿಯೇ ಕಾನೂನು ಮಾಡಿ, ಕಾರ್ಮಿಕರಿಗಾಗಿ ಅಗ್ಗದ ದರದ ಗಾಡಿಗಳನ್ನು ಓಡಿಸುವಂತೆ ರೈಲು ಕಂಪನಿಗಳನ್ನು ಕಟ್ಟುಪಡಿಸಿತು. ಫ್ರಾನ್ಸಿನಲ್ಲಿ ನೌಕರನ ಪ್ರಯಾಣದ ಚೀಟಿಯ ಅರ್ಧ ಬೆಲೆಯನ್ನು ಮಾಲೀಕನೇ ಕೊಡಬೇಕೆಂಬ ವಿಧಿಯಿದೆ. ನಮ್ಮಲ್ಲಿಯೂ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದ ಅಪಘಾತವನ್ನು ಕೆಲಸದ ಅಪಘಾತವೆಂದೇ ಎಣಿಸಲು ನೌಕರರ ರಾಜ್ಯ ವಿಮಾ ಕಾಯಿದೆಯಲ್ಲಿ 2010ರ ತಿದ್ದುಪಡಿಯಿಂದ ಅವಕಾಶವುಂಟಾಯಿತು. ದಾರಿಯಲ್ಲಿ ಕಾಲು ಮುರಿದರೆ ಅದು ಕೆಲಸದ ಭಾಗ. ಅದೇ ದಾರಿಗೆ ತೆತ್ತ ಹಣ ಮಾತ್ರ ಅವನ ಸ್ವಂತ ಪಾಡು! ಈ ವಿಚಿತ್ರವಾದ ನ್ಯಾಯವನ್ನು ಮಾಲೀಕರು ಎಷ್ಟು ಕಾಲ ಸಮರ್ಥಿಸಿಕೊಳ್ಳಬಲ್ಲರು? ಅರ್ಧ ಬೆಲೆಯ ಮಾತು ನಾಳೆಗಿರಲಿ. ಹೊಸ ನೌಕರನ ಮೊದಲ ತಿಂಗಳ ಚೀಟಿಯನ್ನು ಕಾರ್ಖಾನೆಯವರು ಮುಂಗಡವಾಗಿ ಕೊಡಿಸಿ ಮೂರು ಕಂತುಗಳಲ್ಲಿ ಹಿಡಿದುಕೊಳ್ಳುವುದಕ್ಕೆ ಯಾವ ಶಾಸನವೂ ಬೇಡ, ಒಂದು ಸಾಲಿನ ಹುಕುಂ ಸಾಕು.

ಉಪನಗರ ರೈಲಿನ ಹೆಸರನ್ನು ಹೇಳಿ ಸಮಾಧಾನಮಾಡುವವರೂ ಇದ್ದಾರೆ. 15,767 ಕೋಟಿ ರೂಪಾಯಿಗಳ ಆ ಯೋಜನೆಗೆ 2022ನೆಯ ಜೂನ್ 20ರಂದು ಶಂಕುಸ್ಥಾಪನೆಯಾದಾಗ ನಲವತ್ತು ತಿಂಗಳ ಮಾತು ಕೊಡಲ್ಪಟ್ಟಿತು. ನಲವತ್ತು ತಿಂಗಳು 2025ರ ಅಕ್ಟೋಬರಿನಲ್ಲಿ ತುಂಬಿದಾಗ ನಾಲ್ಕು ದಾರಿಗಳಲ್ಲಿ ಒಂದರ ಮೇಲೂ ಗಾಡಿ ಓಡಿರಲಿಲ್ಲ. ಅದು ಮುಗಿದರೂ ಪೂರ್ವದಿಕ್ಕಿನಲ್ಲಿ ಅದರ ತುದಿಯು ವೈಟ್‌ಫೀಲ್ಡು, ಬಂಗಾರಪೇಟೆಯಲ್ಲ.

ಸದ್ಯಕ್ಕೆ ಸಾಧ್ಯವಾದದ್ದನ್ನು ನೈಋತ್ಯ ರೈಲ್ವೆಯವರು ಮಾಡಬಹುದು. ಕಾರ್ಖಾನೆಗಳ ಪಾಳಿ ಆರಂಭವಾಗುವ ಹೊತ್ತನ್ನು ಕೇಳಿ ತಿಳಿದು, ಬೆಳಗಿನ ಎರಡು ಗಾಡಿಗಳನ್ನಾದರೂ ಯಾವ ಎಕ್ಸ್‌ಪ್ರೆಸ್ಸಿಗೂ ತಡೆಯದೆ ಬೆಂಗಳೂರಿಗೆ ಬಿಡಲಿ. ವಂದೇ ಭಾರತವು ಹತ್ತು ನಿಮಿಷ ತಡವಾದರೆ ಅದರಲ್ಲಿ ಕುಳಿತವರ ಸಂಬಳವನ್ನು ಯಾರೂ ಹಿಡಿಯುವುದಿಲ್ಲ.